ಪಡುವಣ ಬೆಂಗಳೂರಿನಲ್ಲಿ ಹೆಣ್ಣು ಜಟ್ಟಿಯ ಹಾದಿ

ಬೆಂಗಳೂರಿನ ವಿಜಯನಗರಕ್ಕೆ ಹೆಸರು ಕೊಟ್ಟದ್ದು ತುಂಗಭದ್ರೆಯ ದಂಡೆಯ ಸಾಮ್ರಾಜ್ಯ. ಅನುಮಾನವಿದ್ದವರು ಅತ್ತಿಗುಪ್ಪೆಯ ಕಡೆಗೆ ಒಂದಷ್ಟು ದೂರ ನಡೆದರೆ ಹಂಪಿನಗರವೇ ಎದುರಾಗುತ್ತದೆ. ಇಲ್ಲಿ ಕಲ್ಲಿನ ರಥವಿಲ್ಲ, ಮಹಾನವಮಿ ದಿಬ್ಬವಿಲ್ಲ. ಮನೆಯ ಮೇಲೊಂದು ಮನೆ, ಮನೆಯ ಮುಂದೊಂದು ಕಾರು, ಬೀದಿಯ ಮೂಲೆಗೊಂದು ದರ್ಶಿನಿ, ಸಂಜೆಯಾದರೆ ತರಕಾರಿ ಗಾಡಿಗಳು. ನಡುವೆ ಒಂದು ದೊಡ್ಡ ಸಾರ್ವಜನಿಕ ಗ್ರಂಥಾಲಯ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ಅದೇ ವಿರೂಪಾಕ್ಷನ ಗುಡಿ.

ಅಸಲಿ ವಿಜಯನಗರಕ್ಕೆ ಹದಿನಾರನೆಯ ಶತಮಾನದಲ್ಲಿ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ತಾನು ಕಂಡದ್ದು ಕೇಳಿದ್ದನ್ನೆಲ್ಲ ಬರೆದಿಟ್ಟಿದ್ದಾನೆ. ರಾಬರ್ಟ್ ಸೆವೆಲ್ 1900ರಲ್ಲಿ ಇಂಗ್ಲಿಷಿಗೆ ತಂದಮೇಲೆ ಅದು ನಮ್ಮ ಇತಿಹಾಸದ ಪುಸ್ತಕಗಳಲ್ಲೆಲ್ಲ ಸೇರಿಕೊಂಡಿತು. ಅರಮನೆಯ ಒಳಗಿನ ಹೆಂಗಸರ ಕೆಲಸಗಳನ್ನು ನೂನಿಜ್ ಪಟ್ಟಿ ಮಾಡುತ್ತಾನೆ. ಖರ್ಚುವೆಚ್ಚದ ಲೆಕ್ಕ ಬರೆಯುವವರು, ನಡೆದದ್ದನ್ನು ದಾಖಲಿಸುವವರು, ಶಕುನ ಹೇಳುವವರು, ಸಂಗೀತಗಾರ್ತಿಯರು, ಕಾವಲಿನವರು. ಅದೇ ಪಟ್ಟಿಯಲ್ಲಿ, ಯಾವ ಆಶ್ಚರ್ಯಸೂಚಕವೂ ಇಲ್ಲದೆ, ಮಲ್ಲಯುದ್ಧ ಮಾಡುವ ಹೆಂಗಸರೂ ಇದ್ದಾರೆ.

ಬೆಳಗ್ಗೆ ಒಂಬತ್ತರ ಹೊತ್ತಿಗೆ ವಿಜಯನಗರದ ಮೆಟ್ರೊ ನಿಲ್ದಾಣದಲ್ಲಿ ನಿಂತು ನೋಡಿದರೆ ನೂನಿಜನ ಪಟ್ಟಿ ಬಹುಮಟ್ಟಿಗೆ ಇನ್ನೂ ಜೀವಂತವಾಗಿರುವುದು ಕಾಣುತ್ತದೆ. ಲೆಕ್ಕ ಬರೆಯುವವರು ಬ್ಯಾಂಕಿಗೆ, ಆಡಿಟರ್ ಆಫೀಸಿಗೆ ಹೊರಟಿರುತ್ತಾರೆ. ದಾಖಲೆ ಬರೆಯುವವರು ವಿಧಾನಸೌಧದ ಕಡೆಗೆ. ಕಾವಲಿನವರು ಖಾಕಿ ತೊಟ್ಟು ನಿಲ್ದಾಣದ ಬಾಗಿಲಲ್ಲೇ ನಿಂತಿರುತ್ತಾರೆ. ಕಾಣದವಳು ಒಬ್ಬಳೇ, ಜಟ್ಟಿ. ಐನೂರು ವರ್ಷದ ಕೆಳಗೆ ಅರಮನೆಯ ಸಂಬಳದ ಪಟ್ಟಿಯಲ್ಲಿದ್ದ ಆ ಹೆಂಗಸು ಎಲ್ಲಿ ಹೋದಳು? ಇವತ್ತು ಇದೇ ಬಡಾವಣೆಯ ಹುಡುಗಿಯೊಬ್ಬಳು ‘ನಾನು ಕುಸ್ತಿ ಕಲಿತು ಅದರಲ್ಲೇ ಬದುಕುತ್ತೇನೆ’ ಎಂದರೆ ಯಾವ ನಿಲ್ದಾಣದಲ್ಲಿ ಇಳಿಯಬೇಕು? ಈ ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡು ಮೆಜೆಸ್ಟಿಕ್ಕಿನಿಂದ ಕೆಂಗೇರಿಯವರೆಗೆ ನೇರಳೆ ಬಣ್ಣದ ರೈಲಿನಲ್ಲಿ ಹೋಗಿಬರೋಣ. ದಾರಿಯಲ್ಲಿ ಒಮ್ಮೆ ಜಪಾನಿಗೂ ಹೋಗಬೇಕಾಗುತ್ತದೆ. ಏಕೆಂದರೆ ಹೆಣ್ಣಿನ ಕುಸ್ತಿ ಒಂದು ಪೂರ್ಣ ಪ್ರಮಾಣದ ಉದ್ಯೋಗವಾದದ್ದು, ಅದರ ಸಿಹಿಕಹಿ ಎರಡೂ ತಿಳಿದದ್ದು ಅಲ್ಲಿ.

ಮಟ್ಟಿಯ ಮಣ್ಣು

ಮೆಜೆಸ್ಟಿಕ್ಕಿನ ನೆಲದಾಳದಿಂದ ಹೊರಟ ರೈಲು ಮಾಗಡಿ ರಸ್ತೆಯ ಹೊತ್ತಿಗೆ ಬೆಳಕಿಗೆ ಬಂದು ಮೇಲಕ್ಕೇರುತ್ತದೆ. ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗಿನ ಈ ದಾರಿ ತೆರೆದದ್ದು 2015ರ ನವೆಂಬರಿನಲ್ಲಿ. ಅದಕ್ಕೂ ಮೊದಲು ಈ ಕಡೆಯ ಗುರುತು ಎಂದರೆ ಗಿರಣಿಯ ಸೈರನ್ನು. ಬಿನ್ನಿ ಮಿಲ್ಲಿನಂಥ ಗಿರಣಿಗಳ ಪಾಳಿ ಮುಗಿಸಿ ಬರುತ್ತಿದ್ದ ಕೆಲಸಗಾರರ ಊರು ಇದು. ಪೇಟೆಯಿಂದ ಪಡುವಣಕ್ಕೆ ಬೆಳೆದ ಬೆಂಗಳೂರು ತನ್ನ ಜೊತೆ ಗರಡಿಯನ್ನೂ ತಂದಿತು. ಪೇಟೆಯ ಗರಡಿಗಳಿಗೆ ಕರಗದ ವೀರಕುಮಾರರ ನಂಟು. ಹೊರಗಿನ ಗರಡಿಗಳಿಗೆ ದುಡಿಯುವ ಮೈಯ ನಂಟು.

ಗರಡಿಮನೆ ಒಳಗೆ ಹೇಗಿರುತ್ತದೆ ಎಂಬುದು ಇಂದಿನ ಜಿಮ್ಮಿನ ಹುಡುಗರಿಗೆ ಹೇಳಿಯೇ ತಿಳಿಸಬೇಕು. ಬಗ್ಗಿ ಹೋಗಬೇಕಾದ ಗಿಡ್ಡ ಬಾಗಿಲು. ಒಳಗೆ ಕತ್ತಲು, ಎಣ್ಣೆಯ ವಾಸನೆ, ಗೋಡೆಯಲ್ಲಿ ಆಂಜನೇಯ. ಮೂಲೆಯಲ್ಲಿ ಗದೆ, ಕಲ್ಲುಗುಂಡು, ಸಾಮಿನ ಸಲಕರಣೆ. ನಡುವೆ ಮಟ್ಟಿ. ಕೆಮ್ಮಣ್ಣನ್ನು ಜರಡಿ ಹಿಡಿದು, ಅರಿಸಿನ, ಎಣ್ಣೆ, ಮಜ್ಜಿಗೆ, ನಿಂಬೆರಸ ಬೆರೆಸಿ ಹದಮಾಡಿದ ಮಣ್ಣು ಅದು. ಬೆಳಗಿನ ಜಾವ ಗುದ್ದಲಿಯಿಂದ ಮಟ್ಟಿ ಅಗೆಯುವುದೇ ಮೊದಲ ವ್ಯಾಯಾಮ. ಆಮೇಲೆ ದಂಡ, ಬಸ್ಕಿ, ಜೋಡಿ. ವಿಜಯನಗರಕ್ಕೆ ಬಂದಿದ್ದ ಇನ್ನೊಬ್ಬ ಪೋರ್ಚುಗೀಸ್, ಡೊಮಿಂಗೊ ಪಯಸ್, ಕೃಷ್ಣದೇವರಾಯನ ಮುಂಜಾವನ್ನು ವರ್ಣಿಸಿರುವುದೂ ಹೆಚ್ಚುಕಡಿಮೆ ಹೀಗೆಯೇ. ಮೈಗೆಲ್ಲ ಎಳ್ಳೆಣ್ಣೆ ಸವರಿ, ಭಾರ ಎತ್ತಿ, ಕತ್ತಿ ತಿರುಗಿಸಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ದಣಿದು, ಕೊನೆಗೆ ತನ್ನ ಜಟ್ಟಿಗಳಲ್ಲೊಬ್ಬನ ಜೊತೆ ಒಂದು ಪಟ್ಟು.

ಈ ಗಿಡ್ಡ ಬಾಗಿಲಲ್ಲಿ ಹೆಣ್ಣು ಬಗ್ಗಿ ಬರುವಂತಿರಲಿಲ್ಲ. ಆಂಜನೇಯ ಬ್ರಹ್ಮಚಾರಿ, ಮಟ್ಟಿ ಪವಿತ್ರ, ಲಂಗೋಟಿ ಕಟ್ಟಿದವನು ವ್ರತದಲ್ಲಿರುವವನು. ಕಾರಣಗಳು ಒಂದಕ್ಕೊಂದು ಬೆನ್ನು ಕೊಟ್ಟು ನಿಂತಿದ್ದವು. ನಮ್ಮ ಮನೆಗಳ ಅಜ್ಜಿಯರು ಗರಡಿಯಿಂದ ಬಂದ ಮಗನಿಗೆ ಬಾದಾಮಿ ಅರೆದು ಹಾಲು ಕೊಟ್ಟರೇ ಹೊರತು ಗರಡಿಯ ಒಳಗೆ ಏನಿದೆ ಎಂದು ನೋಡಿದವರಲ್ಲ.

ಹೆಸರುಗಳ ಆಟವನ್ನೂ ಇಲ್ಲೇ ಗಮನಿಸಬಹುದು. ರಾಜಾಜಿನಗರದಿಂದ ಬಡಗಣಕ್ಕೆ ಹೋದರೆ ಕಂಠೀರವ ಸ್ಟುಡಿಯೊ. 2006ರಿಂದ ಈಚೆಗೆ ಅದು ಡಾ. ರಾಜ್‌ಕುಮಾರ್ ಸಮಾಧಿಯ ಕ್ಷೇತ್ರವೂ ಹೌದು. ಕಂಠೀರವ ಎಂದರೆ ಹದಿನೇಳನೆಯ ಶತಮಾನದ ಮೈಸೂರಿನ ದೊರೆ, ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿನ ಜಟ್ಟಿಯ ಸೊಕ್ಕು ಮುರಿದನೆಂದು ಕಥೆಯಿರುವವನು. 1960ರ ‘ರಣಧೀರ ಕಂಠೀರವ’ ಚಿತ್ರದಿಂದಾಗಿ ಆ ಕಥೆ ಮನೆಮನೆಗೆ ಗೊತ್ತು. ಗಂಡು ಜಟ್ಟಿಯ ಹೆಸರು ಸ್ಟುಡಿಯೊಗೆ, ಕ್ರೀಡಾಂಗಣಕ್ಕೆ, ರಸ್ತೆಗೆ ಉಳಿಯಿತು. ನೂನಿಜ್ ಕಂಡ ಹೆಣ್ಣು ಜಟ್ಟಿಯರಲ್ಲಿ ಒಬ್ಬಳ ಹೆಸರನ್ನೂ ಆತ ಬರೆದಿಡಲಿಲ್ಲ.

ಕೇಬಲ್ಲಿನಲ್ಲಿ ಬಂದ ಕುಸ್ತಿ

ಬಸವೇಶ್ವರನಗರಕ್ಕೆ ಮೆಟ್ರೊ ಇಲ್ಲ. ಹೊಸಹಳ್ಳಿಯಲ್ಲಿ ಇಳಿದು ಆಟೊ ಹಿಡಿಯಬೇಕು, ಇಲ್ಲವೇ ರಾಜಾಜಿನಗರದಿಂದ ಬಸ್ಸು. 1990ರ ದಶಕದಲ್ಲಿ ಈ ಬಡಾವಣೆಗಳ ಮಹಡಿಯಿಂದ ಮಹಡಿಗೆ, ಮರದಿಂದ ಕಂಬಕ್ಕೆ ಕಪ್ಪು ಕೇಬಲ್ ತಂತಿ ಹರಿದಾಗ ಅದರೊಳಗೆ ಒಂದು ಹೊಸ ಕುಸ್ತಿಯೂ ಹರಿದು ಬಂತು. ಮಟ್ಟಿಯಿಲ್ಲದ, ಹಗ್ಗ ಕಟ್ಟಿದ ಅಖಾಡದ, ಬಣ್ಣದ ಚಡ್ಡಿಯ ಅಮೆರಿಕನ್ ಕುಸ್ತಿ. ಶಾಲೆಯ ಹುಡುಗರು ಪೈಲ್ವಾನರ ಚಿತ್ರದ ಕಾರ್ಡುಗಳನ್ನು ಇಸ್ಪೀಟಿನಂತೆ ಹಿಡಿದು ಎತ್ತರ, ತೂಕ, ಎದೆಯ ಸುತ್ತಳತೆಗಳನ್ನು ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠ ಮಾಡಿದರು. ‘ಅದು ನಿಜವೋ ಸುಳ್ಳೋ’ ಎಂಬ ಜಗಳ ಪ್ರತಿ ಮನೆಯ ಊಟದ ಹೊತ್ತಿನಲ್ಲೂ ನಡೆಯಿತು.

ಆ ದಶಕದಲ್ಲೇ, 1994ರ ನವೆಂಬರ್ 20ರಂದು, ಅಮೆರಿಕದ ಆ ಕಂಪನಿಯ ಮಹಿಳಾ ಪಟ್ಟವನ್ನು ಟೋಕಿಯೊ ಡೋಮ್‌ನಲ್ಲಿ ಗೆದ್ದವಳು ಒಬ್ಬ ಜಪಾನೀ ಹೆಂಗಸು, ಬುಲ್ ನಕಾನೊ. ನೀಲಿ ಬಣ್ಣ ಬಳಿದ ಮುಖ, ನೆಟ್ಟಗೆ ನಿಂತ ಕೂದಲು. ಅಮೆರಿಕದಲ್ಲಿ ಹೆಂಗಸರ ಕುಸ್ತಿ ಆಗ ಊಟದ ಜೊತೆಯ ಉಪ್ಪಿನಕಾಯಿ. ಜಪಾನಿನಲ್ಲಿ ಅದೇ ಊಟ.

ಅಲ್ಲಿ ಇದಕ್ಕೆ ‘ಜೋಶಿ ಪುರೊರೆಸು’ ಎನ್ನುತ್ತಾರೆ. ಜೋಶಿ ಎಂದರೆ ಜಪಾನೀ ಭಾಷೆಯಲ್ಲಿ ಹೆಂಗಸರು. ನಮ್ಮ ಧಾರವಾಡದ ಜೋಶಿಯವರಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಪುರೊರೆಸು ಎಂಬುದು ‘ಪ್ರೊಫೆಷನಲ್ ರೆಸ್ಲಿಂಗ್’ ಎಂಬ ಮಾತನ್ನು ಜಪಾನೀಯರು ತಮ್ಮ ನಾಲಗೆಗೆ ಒಗ್ಗಿಸಿಕೊಂಡ ಬಗೆ. 1954ರ ನವೆಂಬರಿನಲ್ಲಿ ಅಮೆರಿಕದ ಮಿಲ್ಡ್ರೆಡ್ ಬರ್ಕ್ ತನ್ನ ತಂಡದೊಂದಿಗೆ ಜಪಾನಿಗೆ ಬಂದು ಆಡಿದಳು. 1968ರಲ್ಲಿ ಮತ್ಸುನಾಗಾ ಸಹೋದರರು ‘ಆಲ್ ಜಪಾನ್ ವಿಮೆನ್ಸ್’ ಎಂಬ ಕಂಪನಿ ಕಟ್ಟಿದರು. ಗಂಡಸರ ಪಂದ್ಯದ ಬಿಡುವಿನಲ್ಲಿ ಆಡಿಸುವ ಆಟವಾಗಿ ಅವರು ಇದನ್ನು ನೋಡಲಿಲ್ಲ. ಆಡುವವರೂ ಹೆಣ್ಣುಮಕ್ಕಳು, ಕಾಲಕ್ರಮದಲ್ಲಿ ನೋಡಿ ಕಿರುಚುವವರೂ ಶಾಲೆಗೆ ಹೋಗುವ ಹೆಣ್ಣುಮಕ್ಕಳೇ ಆದರು.

ಚಿಗುಸಾಳ ತಲೆಗೂದಲು

ಈ ವೃತ್ತಿಯ ಉದ್ದಗಲ ಅಳೆಯಲು ಒಬ್ಬಳ ಬದುಕು ಸಾಕು. ಚಿಗುಸಾ ನಾಗಯೊ ಹುಟ್ಟಿದ್ದು 1964ರ ಡಿಸೆಂಬರಿನಲ್ಲಿ, ನಾಗಸಾಕಿ ಪ್ರಾಂತ್ಯದ ಓಮುರದಲ್ಲಿ. ತಂದೆ ಮೋಟಾರು ದೋಣಿ ಪಂದ್ಯಗಳ ಆಟಗಾರ. ಕರಾಟೆ ಕಲಿತಿದ್ದ ಹುಡುಗಿ ಹದಿನೈದನೆಯ ವಯಸ್ಸಿಗೆ, 1980ರಲ್ಲಿ, ಅಖಾಡಕ್ಕೆ ಇಳಿದಳು. ಕಂಪನಿಗೆ ಮೂರು ನಿಷೇಧಗಳಿದ್ದವು: ಕುಡಿತವಿಲ್ಲ, ಸಿಗರೇಟಿಲ್ಲ, ಗಂಡಿನ ಸಹವಾಸವಿಲ್ಲ. ನಮ್ಮ ಗರಡಿಯ ಬ್ರಹ್ಮಚರ್ಯವನ್ನೇ ಹೆಣ್ಣುಮಕ್ಕಳಿಗೆ ತೊಡಿಸಿದಂತೆ. ಇದರ ಮೇಲೆ ಬರೆಯದ ಇನ್ನೊಂದು ಕಟ್ಟಳೆ: ಇಪ್ಪತ್ತೈದು ಇಪ್ಪತ್ತಾರಕ್ಕೆ ಅಂಗಡಿ ಮುಚ್ಚಿ ಹೊರಡಬೇಕು.

1983ರಲ್ಲಿ ಲಯನೆಸ್ ಅಸುಕಾ ಎಂಬ ಜೊತೆಗಾತಿಯೊಂದಿಗೆ ಸೇರಿ ಚಿಗುಸಾ ‘ಕ್ರಶ್ ಗ್ಯಾಲ್ಸ್’ ಜೋಡಿಯಾದಳು. ಫ್ಯೂಜಿ ಟಿವಿಯಲ್ಲಿ ಕುಸ್ತಿ, ಕುಸ್ತಿಯ ಜೊತೆಗೆ ಹಾಡು, ಹಾಡಿನ ರೆಕಾರ್ಡು ಮಾರಾಟ. ಅವರಿಗೆ ಎದುರಾಗಿ ನಿಂತವಳು ಡಂಪ್ ಮತ್ಸುಮೊತೊ. ದಪ್ಪ ದೇಹ, ಭಯ ಹುಟ್ಟಿಸುವ ಬಣ್ಣ, ಕೈಯಲ್ಲಿ ಸರಪಳಿ. ಯಕ್ಷಗಾನ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಬ್ಬರದು ರಾಜವೇಷ, ಇನ್ನೊಬ್ಬರದು ಬಣ್ಣದ ವೇಷ. ಯಾರು ಗೆಲ್ಲಬೇಕೆಂಬುದು ಪ್ರಸಂಗದಲ್ಲಿ ಮೊದಲೇ ಇದೆ. ಆದರೂ ಕುಣಿಯುವವನ ಮೈ ನಿಜವಾಗಿಯೇ ಬೆವರುತ್ತದೆ. ಇಲ್ಲಿ ಬೆವರಿನ ಜೊತೆ ಮೂಳೆಯೂ ಮುರಿಯುತ್ತದೆ.

1985ರ ಆಗಸ್ಟ್ 28ರಂದು ಒಸಾಕಾದ ಕೋಟೆ ಸಭಾಂಗಣದಲ್ಲಿ ಇಬ್ಬರೂ ತಲೆಗೂದಲನ್ನೇ ಪಣವಾಗಿಟ್ಟು ಆಡಿದರು. ಚಿಗುಸಾ ಸೋತಳು. ಅಖಾಡದ ನಡುವೆ ಕುರ್ಚಿಯಲ್ಲಿ ಕೂರಿಸಿ ಅವಳ ತಲೆ ಬೋಳಿಸುತ್ತಿದ್ದರೆ ಸುತ್ತ ಸೇರಿದ್ದ ಸಾವಿರಾರು ಶಾಲಾ ಹುಡುಗಿಯರು ಮನೆಯಲ್ಲಿ ಸಾವಾದಂತೆ ಅತ್ತರು. ಮರುವರ್ಷದ ನವೆಂಬರಿನ ಮರುಪಂದ್ಯದಲ್ಲಿ ಡಂಪ್‌ಳ ಸರದಿ. ಹೆಣ್ಣಿನ ತಲೆ ಬೋಳಿಸುವುದೆಂದರೆ ಏನೆಂದು ನಮ್ಮ ಸಮಾಜಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಡಿಯ ಹೆಸರಿನಲ್ಲಿ ಹಿಂದಿನ ಮನೆಗಳ ಹಿತ್ತಿಲಲ್ಲಿ ವಿಧವೆಯರಿಗೆ ಮಾಡುತ್ತಿದ್ದುದನ್ನೇ ಅಲ್ಲಿ ಟಿಕೆಟ್ಟಿಟ್ಟು ಮಾಡಿದರು. ವ್ಯತ್ಯಾಸವೊಂದೇ. ಅಲ್ಲಿ ಸೋತವಳು ಬೋಳು ತಲೆಯಲ್ಲೇ ಮತ್ತೆ ಎದ್ದುಬಂದು ಆಡಿದಳು, ಜನ ಅವಳನ್ನು ಮೊದಲಿಗಿಂತ ಹೆಚ್ಚು ಪ್ರೀತಿಸಿದರು.

1989ರ ಮೇ ತಿಂಗಳಲ್ಲಿ, ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ, ಚಿಗುಸಾ ನಿವೃತ್ತಳಾದಳು. ಇಪ್ಪತ್ನಾಲ್ಕಕ್ಕೆ ನಿವೃತ್ತಿ! ನಮ್ಮಲ್ಲಿ ಆ ವಯಸ್ಸಿಗೆ ಮೊದಲ ಕೆಲಸದ ಅರ್ಜಿ ಹಾಕುತ್ತಿರುತ್ತಾರೆ. ಮುಂದೇನು ಎಂಬ ಪ್ರಶ್ನೆಗೆ ಕಂಪನಿಯ ಬಳಿ ಉತ್ತರವಿರಲಿಲ್ಲ. ಉತ್ತರವನ್ನು ಅವಳೇ ಕಟ್ಟಿಕೊಂಡಳು. 1993ರಲ್ಲಿ ಅಖಾಡಕ್ಕೆ ಮರಳಿದಳು. 1995ರಲ್ಲಿ ‘ಗಾಯಾ ಜಪಾನ್’ ಎಂಬ ತನ್ನದೇ ಕಂಪನಿಯ ಮೊದಲ ಪ್ರದರ್ಶನ ಇಟ್ಟು ಹೊಸ ಹುಡುಗಿಯರಿಗೆ ಕಲಿಸಿದಳು. 2005ರಲ್ಲಿ ಗಾಯಾ ಮುಚ್ಚಿತು. ಅವಳನ್ನು ಬೆಳೆಸಿದ ಹಳೆಯ ಕಂಪನಿಯೂ ಅದೇ ವರ್ಷ ಮುಚ್ಚಿತು. ಚಿಗುಸಾ ಮತ್ತೆ ‘ಮಾರ್ವೆಲಸ್’ ಎಂದು ಇನ್ನೊಂದು ಕಟ್ಟಿದಳು. 2024ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಡಂಪ್ ಮತ್ಸುಮೊತೊಳ ಕಥೆ ಧಾರಾವಾಹಿಯಾಗಿ ಬಂದಾಗ ನಟಿಯರಿಗೆ ಕುಸ್ತಿ ತಿದ್ದಿಕೊಟ್ಟವಳೂ ಇದೇ ಚಿಗುಸಾ.

ಎಲ್ಲರಿಗೂ ಅಷ್ಟು ಆಯುಸ್ಸು ಇರಲಿಲ್ಲ. ಹಾನಾ ಕಿಮುರಾ ಎಂಬ ಕುಸ್ತಿಪಟು ಒಂದು ಟಿವಿ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡ ಮೇಲೆ ಸಾಮಾಜಿಕ ಜಾಲತಾಣಗಳ ನಿಂದೆಯ ಮಳೆಗೆ ಸಿಕ್ಕಿ 2020ರ ಮೇ ತಿಂಗಳಲ್ಲಿ ಪ್ರಾಣ ಕಳೆದುಕೊಂಡಳು. ಆಗವಳಿಗೆ ಇಪ್ಪತ್ತೆರಡು ವರ್ಷ. ಎಂಥ ಪೆಟ್ಟನ್ನೂ ತಡೆದುಕೊಳ್ಳಲು ಪಳಗಿದ ಮೈ ಅದು. ಮಾತಿನ ಪೆಟ್ಟಿಗೆ ಯಾವ ಗರಡಿಯಲ್ಲೂ ಪಟ್ಟು ಕಲಿಸುವುದಿಲ್ಲ.

ಅದೇ 1954, ಇತ್ತ ಮುಂಬೈ ರಾಜ್ಯ

ಮಿಲ್ಡ್ರೆಡ್ ಬರ್ಕ್ ಜಪಾನಿನಲ್ಲಿ ಆಡಿದ ಅದೇ 1954ರಲ್ಲಿ ನಮ್ಮಲ್ಲೂ ಒಬ್ಬ ಹೆಣ್ಣು ಪೈಲ್ವಾನಳ ಹೆಸರು ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿತ್ತು. ಉತ್ತರಪ್ರದೇಶದ ಮಿರ್ಜಾಪುರದವಳು, ಅಲಿಗಢದಲ್ಲಿ ಸಲಾಂ ಪೈಲ್ವಾನರ ಬಳಿ ಕಲಿತವಳು, ಹಮೀದಾ ಬಾನು. ‘ನನ್ನನ್ನು ಕುಸ್ತಿಯಲ್ಲಿ ಗೆದ್ದವನನ್ನು ಮದುವೆಯಾಗುತ್ತೇನೆ’ ಎಂದು ಸವಾಲು ಹಾಕಿದ್ದಳು. ಮೇ ತಿಂಗಳಲ್ಲಿ ಬರೋಡಾದಲ್ಲಿ ಬಾಬಾ ಪೈಲ್ವಾನನನ್ನು ಕೆಡವಲು ಅವಳಿಗೆ ಬೇಕಾದದ್ದು 1 ನಿಮಿಷ 34 ಸೆಕೆಂಡು. ಆಮೇಲೆ ಬಂದವರಾರೂ ಮದುವೆಯ ಮಾತೆತ್ತಿದಂತಿಲ್ಲ.

ಗೆಲುವು ಸುಲಭವಾಗಿತ್ತು, ಆಡಲು ಬಿಡಿಸಿಕೊಳ್ಳುವುದು ಕಷ್ಟವಾಗಿತ್ತು. ಪುಣೆಯಲ್ಲಿ ಕುಸ್ತಿ ಸಂಘದವರ ವಿರೋಧದಿಂದ ಪಂದ್ಯ ರದ್ದಾಯಿತು. ಕೊಲ್ಹಾಪುರದಲ್ಲಿ ಗಂಡಸನ್ನು ಗೆದ್ದದ್ದಕ್ಕೆ ಕಲ್ಲು ಬಿತ್ತು. ಅವಳು ಮುಂಬೈ ರಾಜ್ಯದ ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿಯವರಿಗೆ ದೂರು ಕೊಟ್ಟಳು. ಹೆಂಗಸೆಂಬ ಕಾರಣಕ್ಕೆ ತಡೆದಿಲ್ಲ, ಆಡಿಸುವವರು ಬೇಕೆಂದೇ ಸೋಲುವವರನ್ನು ನಿಲ್ಲಿಸುತ್ತಾರೆಂಬ ದೂರಿದೆ ಎಂಬುದು ಉತ್ತರ. ನಮ್ಮ ಓದುಗರು ಇಲ್ಲಿ ಒಂದು ಸಂಗತಿ ನೆನಪಿಡಬೇಕು. 1956ರವರೆಗೆ ಬೆಳಗಾವಿ, ಧಾರವಾಡ, ಬಿಜಾಪುರ, ಹಳಿಯಾಳವಿರುವ ಉತ್ತರ ಕನ್ನಡ ಎಲ್ಲವೂ ಇದೇ ಮುಂಬೈ ರಾಜ್ಯದಲ್ಲಿದ್ದವು. ಕರ್ನಾಟಕದ ಕುಸ್ತಿಯ ತವರು ಎನಿಸಿಕೊಂಡ ಸೀಮೆಗೂ ಹಮೀದಾಳಿಗೂ ಒಂದೇ ಸರ್ಕಾರ.

ಯುರೋಪಿಗೆ ಹೋಗಿ ಆಡುತ್ತೇನೆಂದು ಹೇಳಿದ್ದ ಹಮೀದಾ ಆಮೇಲೆ ಕುಸ್ತಿಯ ಸುದ್ದಿಯಿಂದಲೇ ಮರೆಯಾದಳು. ಯುರೋಪಿಗೆ ಹೋಗದಂತೆ ಗುರುವೇ ಅವಳ ಕೈ ಮುರಿಯುವಂತೆ ಹೊಡೆದರು ಎಂಬುದು ಎಷ್ಟೋ ವರ್ಷಗಳ ನಂತರ ಅವಳ ಮೊಮ್ಮಗ ಬಿಬಿಸಿಗೆ ಹೇಳಿದ ಮಾತು. ಮುಂಬೈ ಬಳಿಯ ಕಲ್ಯಾಣದಲ್ಲಿ ಹಾಲು ಮಾರಿ, ಕೈ ಬರಿದಾದಾಗ ತಿಂಡಿ ಮಾರಿ ಬದುಕಿದ ಅವಳು ತೀರಿಕೊಂಡದ್ದು 1986ರಲ್ಲಿ. ಆ ವರ್ಷ ಜಪಾನಿನಲ್ಲಿ ಚಿಗುಸಾ ಮತ್ತು ಡಂಪ್‌ರ ಮರುಪಂದ್ಯ ನಡೆಯುತ್ತಿತ್ತು. 2024ರ ಮೇ 4ರಂದು ಗೂಗಲ್ ತನ್ನ ಮುಖಪುಟದಲ್ಲಿ ಹಮೀದಾಳ ಚಿತ್ರ ಹಾಕಿದಾಗ ನಮ್ಮಲ್ಲಿ ಬಹಳ ಮಂದಿ ಅವಳ ಹೆಸರನ್ನು ಮೊದಲ ಬಾರಿಗೆ ಓದಿದರು.

ಜಪಾನಿನ ಕಂಪನಿ ಒಳ್ಳೆಯದಿತ್ತೆಂದು ಇದರ ಅರ್ಥವಲ್ಲ. ಅದು ಹುಡುಗಿಯರನ್ನು ಕಬ್ಬಿನಂತೆ ಅರೆದು ಸಿಪ್ಪೆ ಬಿಸಾಕಿತು. ಆದರೆ ಅಲ್ಲಿ ಹೆಂಗಸಿಗೆ ನಿಲ್ಲಲು ಒಂದು ಅಖಾಡವಿತ್ತು, ಆಡಿದ್ದಕ್ಕೆ ಕೂಲಿ ಇತ್ತು, ಜೊತೆಗೆ ಆಡುವ ಇನ್ನೂ ಹತ್ತು ಹೆಂಗಸರಿದ್ದರು. ಅದನ್ನು ಹಿಡಿದುಕೊಂಡೇ ಚಿಗುಸಾ ಒಡತಿಯಾದಳು. ಹಮೀದಾ ಒಂಟಿ. ಒಂಟಿ ಹೆಂಗಸಿನ ವೃತ್ತಿಯನ್ನು ಮುರಿಯಲು ಒಂದು ದೊಣ್ಣೆ ಸಾಕು.

ಜ್ಞಾನಭಾರತಿಯಲ್ಲಿ ಇಳಿದರೆ

ಮತ್ತೆ ರೈಲಿಗೆ ಬರೋಣ. ವಿಜಯನಗರ, ಅತ್ತಿಗುಪ್ಪೆ ದಾಟಿ ದೀಪಾಂಜಲಿನಗರದ ಹತ್ತಿರ, ಮೈಸೂರು ರಸ್ತೆಯ ಬ್ಯಾಟರಾಯನಪುರದಲ್ಲಿ, ಗಾಳಿ ಆಂಜನೇಯನ ಗುಡಿ. ವಿಜಯನಗರದ ಅರಸರಿಗೆ ಗುರುವಾಗಿದ್ದ ವ್ಯಾಸರಾಯರು ಪ್ರತಿಷ್ಠಾಪಿಸಿದ ಹನುಮನೆಂದು ಪ್ರತೀತಿ. ಗರಡಿಯ ಗೋಡೆಯ ಮೇಲಿದ್ದ ದೇವರು ಇಲ್ಲಿ ರಸ್ತೆಗೇ ಕಾವಲು ನಿಂತಿದ್ದಾನೆ. ಹೊಸ ಗಾಡಿ ಕೊಂಡವರು ಮೊದಲು ಇವನಿಗೆ ತೋರಿಸಿಯೇ ಓಡಿಸುತ್ತಾರೆ. ಗರಡಿಯಲ್ಲಿ ಹೆಣ್ಣಿಗೆ ಬಾಗಿಲು ಹಾಕಿದ ಆಂಜನೇಯ ಇಲ್ಲಿ ಅವಳ ಸ್ಕೂಟರಿಗೆ ನಿಂಬೆಹಣ್ಣು ಕಟ್ಟಿಸಿಕೊಟ್ಟು ಕಳಿಸುತ್ತಾನೆ. ದೇವರಿಗೆ ತಕರಾರಿಲ್ಲವೆಂದು ಇದರಿಂದಲೇ ತಿಳಿಯಬಹುದು.

2021ರ ಆಗಸ್ಟಿನಲ್ಲಿ ಕೆಂಗೇರಿಯವರೆಗೆ ತೆರೆದ ದಾರಿ ನಾಯಂಡಹಳ್ಳಿಯ ಆಚೆ ವೃಷಭಾವತಿಯ ಜೊತೆಜೊತೆಗೆ ಸಾಗುತ್ತದೆ. ಕಿಟಕಿ ಮುಚ್ಚಿದ್ದರೂ ನದಿ ಇದೆಯೆಂದು ಮೂಗಿಗೆ ಗೊತ್ತಾಗುತ್ತದೆ. ಜ್ಞಾನಭಾರತಿ ನಿಲ್ದಾಣದಲ್ಲಿ ಇಳಿದರೆ ಬೆಂಗಳೂರು ವಿಶ್ವವಿದ್ಯಾಲಯದ ವಿಶಾಲ ಆವರಣ. ಅದರೊಳಗೆ ಭಾರತೀಯ ಕ್ರೀಡಾ ಪ್ರಾಧಿಕಾರದ ನೇತಾಜಿ ಸುಭಾಷ್ ದಕ್ಷಿಣ ಕೇಂದ್ರ. ಊರವರ ಬಾಯಲ್ಲಿ ‘ಸಾಯ್’. ದೇಶದ ಹಾಕಿ ಹುಡುಗಿಯರು ಎಷ್ಟೋ ಶಿಬಿರಗಳನ್ನು ಕಳೆದ ಜಾಗ ಇದು. ಪಡುವಣ ಬೆಂಗಳೂರಿನಲ್ಲಿ ಹೆಣ್ಣುಮಕ್ಕಳ ಮೈಬಲಕ್ಕೆ ಸರ್ಕಾರ ಸಂಬಳ ಕೊಟ್ಟು ಗುರುಗಳನ್ನು ಇಟ್ಟಿರುವ ವಿಳಾಸ ಯಾವುದೆಂದರೆ ಮೊದಲು ತೋರಿಸಬೇಕಾದದ್ದು ಇದನ್ನೇ.

ಈ ಪ್ರಾಧಿಕಾರಕ್ಕೂ ಹಳಿಯಾಳದ ಕಾಡಿಗೂ ಹಳೆಯ ಸಂಬಂಧವೊಂದಿದೆ. 1980ರ ದಶಕದ ಕೊನೆಯಲ್ಲಿ, ಮಾರ್ಗರೆಟ್ ಆಳ್ವ ಕೇಂದ್ರದಲ್ಲಿ ಕ್ರೀಡೆಯ ಸಚಿವರಾಗಿದ್ದಾಗ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳನ್ನು ಉತ್ತರ ಕನ್ನಡದಿಂದ ಆರಿಸಿ ತಂದು ತರಬೇತಿ ಕೊಡುವ ಯೋಜನೆ ಶುರುವಾಯಿತು. ಓಟಗಾರ್ತಿ ಕಮಲಾ ಸಿದ್ದಿಯಂಥವರು ಹಾಗೆ ಬೆಳಕಿಗೆ ಬಂದರು. 1993ರಲ್ಲಿ ಯೋಜನೆ ನಿಂತುಹೋಯಿತು. ಮಕ್ಕಳು ಅರ್ಧ ದಾರಿಯಲ್ಲಿ ಊರಿಗೆ ಮರಳಿದರು. ಕಲಿಯಲು ಜಾಗ ಸಿಕ್ಕಿತ್ತು, ಮುಂದಿನ ಬದುಕಿನ ಬಗ್ಗೆ ಯಾರೂ ಯೋಚಿಸಿರಲಿಲ್ಲ.

ಆದರೆ ಬೀಜ ಸಾಯಲಿಲ್ಲ. ಹಳಿಯಾಳ, ಗದಗ, ದಾವಣಗೆರೆಯ ಕ್ರೀಡಾ ವಸತಿನಿಲಯಗಳು ಕುಸ್ತಿಪಟುಗಳನ್ನು ಬೆಳೆಸಿವೆ. ಮೈಸೂರು ದಸರೆಯ ಕುಸ್ತಿಯಲ್ಲಿ ಗಂಡಸರಿಗೆ ‘ದಸರಾ ಕಂಠೀರವ’, ‘ದಸರಾ ಕೇಸರಿ’ ಇದ್ದಂತೆ ಹೆಣ್ಣುಮಕ್ಕಳಿಗೆ ‘ದಸರಾ ಕಿಶೋರಿ’ ಇದೆ. ಬೆಳಗಾವಿಯ ಮಲಪ್ರಭಾ ಜಾಧವ್ 2018ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ‘ಕುರಾಶ್’ ಎಂಬ ಮಧ್ಯ ಏಷ್ಯಾದ ಕುಸ್ತಿಯಲ್ಲಿ ಕಂಚು ಗೆದ್ದಳು. ಮಟ್ಟಿಯ ಬದಲು ಮ್ಯಾಟ್ ಬಂದದ್ದು ಹೆಣ್ಣುಮಕ್ಕಳಿಗೆ ಒಂದು ರೀತಿಯಲ್ಲಿ ವರವೇ ಆಯಿತು. ಮಣ್ಣಿಗೆ ಮೈಲಿಗೆಯಿತ್ತು, ರಬ್ಬರಿಗೆ, ರೆಕ್ಸಿನಿಗೆ ಇಲ್ಲ. ಆಂಜನೇಯನ ಪಟ ಗೋಡೆಯ ಮೇಲೆ ಹಾಗೇ ಇದ್ದರೂ ಮ್ಯಾಟ್ ಮೇಲೆ ಯಾರು ಬೇಕಾದರೂ ಇಳಿಯಬಹುದು.

ಸಂಬಳ ಎಲ್ಲಿಂದ? ಜಪಾನಿನಲ್ಲಿ ಟಿಕೆಟ್ಟು, ಟಿವಿ, ಹಾಡಿನ ರೆಕಾರ್ಡು. ನಮ್ಮಲ್ಲಿ ಪದಕ ಗೆದ್ದವಳ ಕಣ್ಣು ರೈಲ್ವೆಯ ಮೇಲೆ, ಪೊಲೀಸ್ ಇಲಾಖೆಯ ಮೇಲೆ, ಕ್ರೀಡಾ ಕೋಟಾದ ಸರ್ಕಾರಿ ಹುದ್ದೆಯ ಮೇಲೆ. ಅಲ್ಲಿ ಅವಳನ್ನು ಪ್ರೇಕ್ಷಕಿ ಸಾಕುತ್ತಾಳೆ, ಇಲ್ಲಿ ಅರ್ಜಿ ಸಾಕುತ್ತದೆ. ಪ್ರೇಕ್ಷಕಿಗೆ ಬೇಸರ ಬಂದರೆ ಅಲ್ಲಿಯ ಕಂಪನಿ ಮುಚ್ಚುತ್ತದೆ. ಇಲ್ಲಿಯ ನೌಕರಿ ಒಮ್ಮೆ ಸಿಕ್ಕರೆ ಮೊಣಕಾಲು ಹೋದಮೇಲೂ ಇರುತ್ತದೆ. ಸಿಗದವಳ ಕಥೆ ಬೇರೆ. ಇಪ್ಪತ್ತೆರಡು ಇಪ್ಪತ್ತಮೂರಕ್ಕೆ ಮದುವೆ ಎಂಬ ಕಟ್ಟಳೆ ನಮ್ಮಲ್ಲಿ ಯಾವ ಕಂಪನಿಯೂ ಬರೆಯದೆಯೇ ಜಾರಿಯಲ್ಲಿದೆ.

ನೌಕರಿ ಇದ್ದವರಿಗೂ ದಾರಿ ಹೂವಿನದಾಗಿರಲಿಲ್ಲ. 2023ರಲ್ಲಿ ಸಾಕ್ಷಿ ಮಲಿಕ್, ವಿನೇಶ್ ಫೋಗಟ್ ಮತ್ತಿತರರು ಲೈಂಗಿಕ ಕಿರುಕುಳದ ದೂರು ಹಿಡಿದು ದೆಹಲಿಯ ಜಂತರ್ ಮಂತರ್‌ನ ಫುಟ್‌ಪಾತಿನಲ್ಲಿ ವಾರಗಟ್ಟಲೆ ಕೂತರು. ಆ ವರ್ಷದ ಡಿಸೆಂಬರಿನಲ್ಲಿ ಸಾಕ್ಷಿ ಬೂಟು ಮೇಜಿನ ಮೇಲಿಟ್ಟು ಕುಸ್ತಿ ಬಿಟ್ಟಳು. 2016ರಲ್ಲಿ ರಿಯೊದಿಂದ ಒಲಿಂಪಿಕ್ ಕಂಚು ತಂದ ಹೆಣ್ಣುಮಗಳು ಅವಳು. 2024ರ ಆಗಸ್ಟ್ 6ರಂದು ಪ್ಯಾರಿಸ್‌ನಲ್ಲಿ ವಿನೇಶ್ ಜಪಾನಿನ ಯುಯಿ ಸುಸಾಕಿಯನ್ನು ಕೊನೆಯ ಕ್ಷಣದಲ್ಲಿ 3-2ರಿಂದ ಸೋಲಿಸಿದಳು. ಅಲ್ಲಿಯವರೆಗೆ ಸುಸಾಕಿ ಹೊರದೇಶದ ಯಾವ ಎದುರಾಳಿಗೂ ಸೋತವಳಲ್ಲ. ಮರುದಿನ ಫೈನಲ್ಲಿನ ಬೆಳಗ್ಗೆ ತೂಕ 100 ಗ್ರಾಂ ಹೆಚ್ಚಿತೆಂದು ವಿನೇಶಳನ್ನು ಹೊರಗೆ ಕಳಿಸಿದರು. ನೂರು ಗ್ರಾಂ ಎಂದರೆ ನಮ್ಮ ಅಂಗಡಿಯವರು ಕಾಫಿಪುಡಿ ಪೊಟ್ಟಣ ಕಟ್ಟಿಕೊಡುವ ಲೆಕ್ಕ. ಜಪಾನಿನ ಚಿಗುಸಾ ಕೂದಲು ಕಳೆದುಕೊಂಡಾಗ ಎಷ್ಟು ಮಂದಿ ಹುಡುಗಿಯರು ಅತ್ತರೋ ಗೊತ್ತಿಲ್ಲ. ತೂಕ ಇಳಿಸಲು ಆ ರಾತ್ರಿ ಕೂದಲನ್ನೂ ಕತ್ತರಿಸಿಕೊಂಡಿದ್ದ ವಿನೇಶಳಿಗಾಗಿ ನಮ್ಮ ಮನೆಗಳ ಹುಡುಗಿಯರೂ ಅತ್ತದ್ದಂತೂ ನಿಜ.

ಕೆಂಗೇರಿಯಿಂದಾಚೆ

ಕೆಂಗೇರಿಯಲ್ಲಿ ಇಳಿದರೆ ಊರಿನ್ನೂ ಪೂರ್ತಿ ಬೆಂಗಳೂರಾಗಿಲ್ಲ. ಹೂವಿನ ಅಂಗಡಿಯವಳು ಮೊಳವನ್ನು ಮೊಳದಂತೆಯೇ ಅಳೆಯುತ್ತಾಳೆ. ಮೈಸೂರಿನ ಬಸ್ಸುಗಳು ಗದ್ದಲ ಮಾಡುತ್ತ ಹೋಗುತ್ತವೆ, ದಸರೆಯ ಹೊತ್ತಿನಲ್ಲಿ ಇನ್ನಷ್ಟು. ರೈಲು ಇನ್ನೊಂದು ನಿಲ್ದಾಣ ಮುಂದೆ, ಚಲ್ಲಘಟ್ಟದವರೆಗೆ ಹೋಗುತ್ತದೆ.

ಇಷ್ಟು ದೂರ ಬಂದಮೇಲೆ ಲೆಕ್ಕ ನೋಡಿದರೆ, ಹೆಣ್ಣು ಜಟ್ಟಿಗೆ ಬೇಕಾದದ್ದು ಮೂರೇ ಎಂದು ಕಾಣುತ್ತದೆ. ಕಲಿಯಲು ಹತ್ತಿರದಲ್ಲೊಂದು ಜಾಗ, ಆಡಿದ್ದಕ್ಕೆ ಕೂಲಿ, ಬಿಟ್ಟಮೇಲೆ ತಲೆಯೆತ್ತಿ ಬದುಕುವ ದಾರಿ. ಗರಡಿಗೆ ಜಾಗವಿತ್ತು, ಬಾಗಿಲಿರಲಿಲ್ಲ. ಜಪಾನಿಗೆ ಕೂಲಿಯಿತ್ತು, ನಾಳೆ ಇರಲಿಲ್ಲ. ನಮಗೆ ನೌಕರಿಯ ಆಸೆಯಿದೆ, ಆದರೆ ಜಾಗ ಹಳಿಯಾಳದ ಹುಡುಗಿಗೆ ಸಿಕ್ಕಷ್ಟು ಹತ್ತಿರದಲ್ಲಿ ಹಂಪಿನಗರದ ಹುಡುಗಿಗೆ ಸಿಗುವುದಿಲ್ಲ. ಅವಳಿಗೆ ಬಡಾವಣೆಯಲ್ಲಿ ಭರತನಾಟ್ಯದ ಟೀಚರಿದ್ದಾರೆ, ಶಟ್ಲ್ ಕೋರ್ಟಿದೆ, ಕರಾಟೆ ಮೇಷ್ಟರು ಶನಿವಾರ ಭಾನುವಾರ ಪಾರ್ಕಿಗೇ ಬರುತ್ತಾರೆ. ಕುಸ್ತಿಯ ಮ್ಯಾಟಿಗೆ ಬೇಕಾದದ್ದು ಹನ್ನೆರಡು ಮೀಟರ್ ಉದ್ದ, ಅಷ್ಟೇ ಅಗಲ. ಸಾಧಾರಣ ಕಲ್ಯಾಣಮಂಟಪದ ಊಟದ ಹಾಲು ಅದಕ್ಕಿಂತ ದೊಡ್ಡದು.

ಚಿಗುಸಾ ನಾಗಯೊಳ ಬಗ್ಗೆ ಒಂದು ಮಾತು ಬಾಕಿಯಿದೆ. 2018ರ ನವೆಂಬರಿನಲ್ಲಿ ಸಪ್ಪೊರೊ ನಗರದಲ್ಲಿ ಗಂಡಸೊಬ್ಬ ಹೆಂಡತಿಯನ್ನು ಹೊಡೆಯುತ್ತಿದ್ದುದನ್ನು ಕಂಡು ಅವಳು ನಡುವೆ ಹೋಗಿ ನಿಂತಳು. ಆಗವಳಿಗೆ ಐವತ್ತಮೂರು ವರ್ಷ. ಅವನು ಅವಳ ಮೇಲೂ ಏರಿಹೋದ; ಬೆರಳಿಗೆ ಪೆಟ್ಟಾಯಿತು. ಕುಸ್ತಿಯೇ ಹೊಟ್ಟೆಪಾಡಾದವಳು ಹೊರಗೆ ಕೈ ಎತ್ತಬಾರದೆಂದು ಅವಳು ತಿರುಗಿ ಹೊಡೆಯಲಿಲ್ಲ. ಆ ಹೆಂಗಸು ಪಾರಾಗುವಷ್ಟು ಹೊತ್ತು ಅಡ್ಡ ನಿಂತಳು, ಅಷ್ಟೆ. ವರ್ಷಗಟ್ಟಲೆ ಅಖಾಡದಲ್ಲಿ ಬೀಳುವುದನ್ನೂ ಏಳುವುದನ್ನೂ ಕಲಿತ ಮೈಗೆ ಇಷ್ಟು ಹೊತ್ತು ನಿಲ್ಲುವುದು ದೊಡ್ಡ ಕೆಲಸವಾಗಿರಲಿಲ್ಲ.